ನಮ್ಮ ಕಡೆ ಡಿಜೆ ಅಂದರೆ ಮನುಷ್ಯನಲ್ಲ

ಇಪ್ಪತ್ತೈದು ವರ್ಷದಿಂದ ದೂರದೂರದ ಊರುಗಳಲ್ಲಿ ಟೆಕ್ನೋ ನುಡಿಸಿ ಜನರನ್ನು ಕುಣಿಸಿದ್ದೇನೆ. ಅಲ್ಲೆಲ್ಲ ನನಗೆ ಏನೂ ಆಗುವುದಿಲ್ಲ. ಸಿಂದಗಿ ಬಸ್ ನಿಲ್ದಾಣದಲ್ಲಿ ಇಳಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ.

ಟೆಕ್ನೋ ಅಂದರೆ ಮಾತಿಲ್ಲದ, ಒಂದೇ ಸಮನೆ ಬಡಿತದ ಸಂಗೀತ. ಸಿಂದಗಿಯಲ್ಲಿರುವ ನಮ್ಮ ಅವ್ವ ಇಷ್ಟು ವರ್ಷದಲ್ಲಿ ನನ್ನ ಒಂದು ಟ್ರ್ಯಾಕನ್ನೂ ಕೊನೆತನಕ ಕೇಳಿಲ್ಲ. ಒಂದನ್ನು ಪೂರ್ತಿ ಕೇಳಿ 'ಚಲೋ ಐತಿ' ಅಂದುಬಿಟ್ಟರೆ ನನಗೆ ಬೇರೇನೂ ಬೇಡ. ಆ ಆಸೆ ಮಾತ್ರ ಬಿಟ್ಟಿಲ್ಲ.

ಎಷ್ಟು ಟಾಯರ್

ನಮ್ಮ ಕಡೆ ಡಿಜೆ ಅಂದರೆ ಗಾಡಿಯ ಮೇಲೆ ಪೇರಿಸಿದ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳು. ಮುದ್ದೇಬಿಹಾಳಕ್ಕೆ ಹೆಣ್ಣು ನೋಡಲು ಹೋದಾಗ ಇದು ನನಗೆ ನೆನಪಾಗಲಿಲ್ಲ.

"ಏನ್ ಮಾಡ್ತೀರಿ?" ಅಂದರು ಹುಡುಗಿಯ ತಂದೆ.

"ನಾ ಡಿಜೆರಿ."

"ಸ್ವಂತದ್ದೋ, ಬಾಡಿಗಿದೋ?"

"ಹಂಗಲ್ರಿ, ನಾನ ಡಿಜೆರಿ."

"ಅದನ್ನ ಕೇಳಾಕತ್ತೇನಿ. ಎಷ್ಟ ಟಾಯರಿಂದು?"

ಪಕ್ಕದಲ್ಲಿದ್ದ ನಮ್ಮ ಕಾಕಾ "ಹತ್ತು ಟಾಯರಿಂದರಿ" ಅಂದುಬಿಟ್ಟ. ಸಂಬಂಧ ಕುದುರಿತು. ಮಾವನವರು ಇಂದಿಗೂ ಮನೆಗೆ ಬಂದಾಗೊಮ್ಮೆ ಅಂಗಳ ಸುತ್ತಿ ನೋಡಿ, "ಗಾಡಿ ಹೊರಗ ಹೋಗೇತೇನು?" ಅನ್ನುತ್ತಾರೆ. ಹೌದ್ರಿ ಅನ್ನುತ್ತೇನೆ.

ಕಮಿಟಿ ರೂಲ್

ಬಸವನ ಬಾಗೇವಾಡಿಯಲ್ಲಿ ಬಳಗದ ಮದುವೆ. ಕಲ್ಯಾಣ ಮಂಟಪದ ಬಾಗಿಲಿಗೆ 'ಡಿಜೆ ಪ್ರವೇಶವಿಲ್ಲ' ಎಂಬ ಬೋರ್ಡು. ಅದರ ಕೆಳಗೇ ನಿಂತಿದ್ದ ಮ್ಯಾನೇಜರರಿಗೆ ನಮ್ಮ ಬಳಗದವರೊಬ್ಬರು ಹೆಮ್ಮೆಯಿಂದ, "ಇವ್ರು ಭಾಳ ದೊಡ್ಡ ಡಿಜೆ ಅದಾರ್ರಿ" ಅಂದರು.

ಮ್ಯಾನೇಜರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದೊಡ್ಡದಿರ್ಲಿ, ಸಣ್ಣದಿರ್ಲಿ. ಒಳಗ ಬಿಡಂಗಿಲ್ರಿ. ಕಮಿಟಿ ರೂಲ್ ಐತಿ."

"ನಾ ಊಟಕ್ಕ ಬಂದೇನ್ರಿ."

ಅವರು ಬೋರ್ಡನ್ನು ಇನ್ನೊಮ್ಮೆ ಓದಿಕೊಂಡರು. "ಊಟ ಮಾಡ್ರಿ. ಸೌಂಡ್ ಮಾಡಬ್ಯಾಡ್ರಿ."

ಅಷ್ಟಕ್ಕೇ ಬಿಡದೆ ನನ್ನ ಎಲೆಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಅವತ್ತು ಹಪ್ಪಳವನ್ನು ಸಾರಿನಲ್ಲಿ ನೆನೆಸಿ ತಿಂದೆ.

ಟೆಸ್ಟಿಂಗ್

ಇಂಡಿ ಪಟ್ಟಣದ ಸಭಾಭವನವೊಂದರಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಅವ್ವನನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ನಲವತ್ತು ನಿಮಿಷ ಮೈಮರೆತು ನುಡಿಸಿದೆ. ಜನ ಕೈಕಟ್ಟಿ ಸಭ್ಯರಾಗಿ ಕೂತೇ ಇದ್ದರು. ಕೊನೆಗೆ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ತಮ್ಮಾ, ಟೆಸ್ಟಿಂಗ್ ಸಾಕು. ಹಿಂದಿನವ್ರಿಗೂ ಕೇಳಾಕತ್ತೈತಿ. ಇನ್ನ ಹಾಡ ಹಚ್ಚು."

ಅವ್ವನ ಕುರ್ಚಿ ಖಾಲಿಯಿತ್ತು. ಹತ್ತನೆಯ ನಿಮಿಷಕ್ಕೇ ಎದ್ದು ಹೊರಗೆ ಹೋಗಿದ್ದಳಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಬೆನ್ನು ಸವರಿ ಸಮಾಧಾನ ಹೇಳಿದಳು: "ಅವ್ರ ಸ್ಪೀಕರ್ ಡಬ್ಬಿ ಕೆಟ್ಟರ ನೀ ಏನ್ ಮಾಡ್ತಿ, ಬಿಡು."

ಗಿರಣಿ

ನಮ್ಮ ಓಣಿಯಲ್ಲೊಂದು ಹಿಟ್ಟಿನ ಗಿರಣಿ ಇದೆ. ಅದರ ಚಕ್ರ ತಿರುಗಿಸುವ ಪಟ್ಟಾದ ಬಡಿತ ಚಿಕ್ಕಂದಿನಿಂದ ನನ್ನ ಕಿವಿಯಲ್ಲಿ ಕೂತಿದೆ. ಕಳೆದ ವರ್ಷ ಗಿರಣಿಯವರನ್ನು ಕೇಳಿಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಚಾಲೂ ಮಾಡಿಸಿ, ಆ ಸದ್ದನ್ನು ರೆಕಾರ್ಡ್ ಮಾಡಿದೆ. ಮೂರು ವಾರ ತಿದ್ದಿ ತೀಡಿ ಏಳು ನಿಮಿಷದ ಟ್ರ್ಯಾಕ್ ಮಾಡಿದೆ.

ಪಡಸಾಲೆಯಲ್ಲಿ ಅದನ್ನು ಹಚ್ಚಿದಾಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಬಾಗಿಲಲ್ಲಿ ನಿಂತಳು. ಆಮೇಲೆ ಕೂತಳು. ಏಳೂ ನಿಮಿಷ ಕೂತೇ ಇದ್ದಳು.

"ಹೆಂಗೈತಿ ಅವ್ವಾ?"

"ಖಾಲಿ ಗಿರಣಿ ಐತಲ್ಲೋ ಇದು. ಕಾಳ ಎಲ್ಲಿ?"

ರೆಕಾರ್ಡ್ ಮಾಡುವಾಗ ಒಂದು ಕಾಳೂ ಹಾಕಿರಲಿಲ್ಲ.

"ಕಾಳಿಲ್ಲಂದ್ರ ಕಲ್ಲ ಹಿಂಗ ಒದರತೈತಿ. ಕಾಳ ಬಿತ್ತಂದ್ರ ದನಿ ಕೆಳಗ ಇಳೀತೈತಿ. ಇಷ್ಟೂ ಗೊತ್ತಿಲ್ಲ ನಿನಗ" ಅಂದವಳೇ ಒಳಗೆ ಹೋಗಿ ಜೋಳದ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

ಡಬ್ಬಿ ಹೊತ್ತು ಓಡಿದೆ. ಗಿರಣಿಯವರು ಯಂತ್ರದ ಬಾಯಿಗೆ ಜೋಳ ಸುರಿದರು. ದನಿ ಅವ್ವ ಹೇಳಿದಂತೆಯೇ ಕೆಳಗಿಳಿಯಿತು, ತುಂಬಿಕೊಂಡಿತು. ನನ್ನ ತುಟ್ಟಿ ಹೆಡ್‌ಫೋನುಗಳು ಒಮ್ಮೆಯೂ ಹೇಳದ ಮಾತು. ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡು ಮನೆಗೆ ಓಡಿ ಬಂದು, ನಿಂತ ಕಾಲ ಮೇಲೆ ಹಳೆಯ ಸದ್ದು ತೆಗೆದು ಹೊಸದನ್ನು ಹಾಕಿ ಹಚ್ಚಿದೆ.

ಅವ್ವ ಕಣ್ಣುಮುಚ್ಚಿ ಕೇಳಿದಳು. ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಮುಗಿದ ಮೇಲೆ ಹೇಳಿದಳು:

"ಈಗ ಚಲೋ ಐತಿ."

ನನ್ನ ಕಣ್ಣು ತುಂಬಿ ಬಂತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅವ್ವ ಎದ್ದು ಹೋಗಿ ಒಲೆ ಹಚ್ಚಿದಳು, ಹಂಚು ಇಟ್ಟಳು, ರೊಟ್ಟಿ ಮಾಡುವ ಪರಾತ ಮುಂದಿಟ್ಟುಕೊಂಡು ನನ್ನ ಕಡೆ ಕೈ ಚಾಚಿದಳು.

"ಹಿಟ್ಟ ಎಲ್ಲಿ?"