ಜರ್ಮನಿ ಮಷೀನಿಗೆ ಕುಂಕುಮ

ಅರ್ಥಶಾಸ್ತ್ರ ಕಲಿಸುವವರಿಗೆ ಒಂದು ರೋಗವಿರುತ್ತದೆ. ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಅದರ ಹಿಂದೆ ಏನೋ ಜಾಗತಿಕ ಕಾರಣ ಕಾಣುತ್ತದೆ. ನನಗಂತೂ ಈ ರೋಗ ವಿಪರೀತ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಯಾವ ಸರಕು ಕಳಿಸುತ್ತವೆ, ಯಾಕೆ ಕಳಿಸುತ್ತವೆ ಎಂಬ ಪಾಠವನ್ನು ಗದಗಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ. ಹುಡುಗರು ಆಕಳಿಸುತ್ತಾರೆ. ಆದ್ದರಿಂದ ಉಳಿದ ಪಾಠವನ್ನು ಹೆಂಡತಿ ಸಾವಿತ್ರಿಯ ತವರುಮನೆಯಲ್ಲಿ ಮುಗಿಸುತ್ತೇನೆ. ಅಲ್ಲಿ ಅಳಿಯ ಮಾತಾಡುವಾಗ ಆಕಳಿಸುವ ಪದ್ಧತಿಯಿಲ್ಲ.

ಆ ತವರುಮನೆ ಬೆಟಗೇರಿಯಲ್ಲಿದೆ. ಮುಂದೆ ಪ್ರೆಸ್ಸು, ಹಿಂದೆ ಮನೆ. ಸಾವಿತ್ರಿಯ ತಮ್ಮ ಶಂಕ್ರಪ್ಪ ಅಲ್ಲಿ ಮದುವೆ ಕಾರ್ಡು ಮುದ್ರಿಸುತ್ತಾನೆ. ಅವನ ಹಳೆಯ ಮಷೀನು ದಿನಾ ಮುನಿಸಿಕೊಳ್ಳತೊಡಗಿದಾಗ ನಾನು ಪಾಠ ಶುರುಮಾಡಿದೆ. “ಈಗ ಹೊಸಾ ಮಾಲು ಬೇಕಂದ್ರ ಎಲ್ಲಾರೂ ಚೀನಾದ ಕಡೆ ನೋಡ್ತಾರ. ಆದ್ರ ಜರ್ಮನಿಯೊಳಗ ಮಂದಿ ಕಾಗದಾ ಬಿಟ್ಟು ಫೋನ್ ಹಿಡದಾರ. ಅಲ್ಲೆ ಪ್ರೆಸ್ ಮುಚ್ಚತಾವು, ಮಷೀನು ನಮ್ಮ ಕಡೆ ಬರ್ತಾವು. ನಮ್ಮಲ್ಲೆ ಕಾರ್ಡ್ ಕೊಡದಿದ್ರ ಯಾರರ ಲಗ್ನಕ್ಕ ಹೋಗ್ತಾರೇನು?” ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪರದೇಶದ ಹಕ್ಕಿಗಳು ಬರುವ ಹಾಗೆ ಎಂದೂ ಸೇರಿಸಿದೆ. ಆ ಹಕ್ಕಿಗಳು ಬೇಸಿಗೆಗೆ ಮುಂಚೆ ವಾಪಸು ಹೋಗುತ್ತವೆ ಎಂಬುದನ್ನು ಹೇಳಲಿಲ್ಲ. ಶಂಕ್ರಪ್ಪ, ಪಾಪ, ನಂಬಿದ. ಹಳೆಯ ಮಷೀನು ಗುಜರಿಗೆ ಹೋಯಿತು. ಜರ್ಮನಿಯಲ್ಲಿ ದುಡಿದು ದಣಿದಿದ್ದ ಮಷೀನೊಂದು ಮುಂಬೈ ಬಂದರಿನಲ್ಲಿ ಇಳಿದು, ಲಾರಿ ಹತ್ತಿ ಬೆಟಗೇರಿಗೆ ಬಂತು.

ಹುಬ್ಬಳ್ಳಿಯ ಮೆಕ್ಯಾನಿಕ್ ಅದನ್ನು ಜೋಡಿಸಿ, ಓಡಿಸಿ ತೋರಿಸಿ, ಬಸ್ಸು ಹಿಡಿದು ಹೋದ. ಆಮೇಲೆ ಪೂಜೆ. ನಮ್ಮ ಕಡೆ ಪೂಜೆಯಾಗದೆ ಸೈಕಲ್ಲಿನ ಪೆಡಲೂ ತುಳಿಯುವುದಿಲ್ಲ. ಹಿರೇ ಅಳಿಯನೆಂದು ಆರತಿ ತಾಟು ನನ್ನ ಕೈಗೇ ಬಂತು. ವಿಭೂತಿ ಬಳಿದೆ, ಹಾರ ಹಾಕಿದೆ. ಕುಂಕುಮ ಎಲ್ಲಿ ಹಚ್ಚುವುದು? ನಟ್ಟನಡುವೆ, ಹಣೆ ಇರಬೇಕಾದ ಜಾಗದಲ್ಲಿ, ದುಂಡಗಿನ ಗಾಜಿನ ಬಿಲ್ಲೆಯೊಂದು ಕಂಡಿತು. ಜರ್ಮನಿಯವರು ನಮಗೆಂದೇ ಜಾಗ ಬಿಟ್ಟಿದ್ದಾರೆ ಅನ್ನಿಸಿತು. ಧಾರಾಳವಾಗಿ ಹಚ್ಚಿದೆ. ಕಾಯಿ ಒಡೆದು ಬಟನ್ ಒತ್ತಿದರೆ ಕೆಂಪು ದೀಪ ಹತ್ತಿತೇ ಹೊರತು ಮಷೀನು ಮಿಸುಕಲಿಲ್ಲ.

ಒತ್ತಿದೆವು, ತಟ್ಟಿದೆವು, ಬೈದೆವು. ನನ್ನ ಫೋನಿನಿಂದ ಎಷ್ಟು ಸಲ ಮಾಡಿದರೂ ಮೆಕ್ಯಾನಿಕ್‌ನ ಫೋನು ಬಂದ್. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ದಾವಲಸಾಬರ ಮಗಳ ಮದುವೆ ಕಾರ್ಡು ಮರುದಿನವೇ ಕೊಡಬೇಕಿತ್ತು. ಅವರು ಶಂಕ್ರಪ್ಪನ ಅಪ್ಪನ ಕಾಲದ ಗಿರಾಕಿ. ಶಂಕ್ರಪ್ಪ ತಲೆ ಮೇಲೆ ಕೈಹೊತ್ತು ಕೂತ. “ಮಾಮಾ, ಹಳೇದು ಮುನಿಸಿಕೊಂಡ್ರೂ ಸಂಜಿಕ್ಕಂದ್ರ ಕೆಲಸಾ ಮುಗಿಸಿ ಕೊಡ್ತಿತ್ರಿ. ನಾಳೆ ದಾವಲಸಾಬರಿಗೆ ಹೆಂಗ ಮಾರಿ ತೋರಸ್ಲಿ?”

ಸುಮ್ಮನಿರಬೇಕಿತ್ತು. ರೋಗ ಬಿಡಬೇಕಲ್ಲ! ಶ್ರೀಮಂತ ದೇಶಗಳು ತಮಗೆ ಬೇಡವಾದ ಕಸವನ್ನೇ ಬಡವರಿಗೆ ಸಾಗಹಾಕುತ್ತವೆ, ಇದು ಅವರ ಹುಟ್ಟುಗುಣ ಎಂದು ವಿವರಿಸಿದೆ. ಅದೇ ಬಾಯಿ, ಅದೇ ಜರ್ಮನಿ! ಶಂಕ್ರಪ್ಪ ನನ್ನನ್ನೇ ನೋಡುತ್ತ ಕೂತ. ಅವನು ಆಕಳಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ದಾವಲಸಾಬರು ಬಂದೇಬಿಟ್ಟರು. “ಬರ್ರಿ, ಕುಂಡ್ರಿ” ಎಂದ ಶಂಕ್ರಪ್ಪ ಒರೆಸಿದ ಕುರ್ಚಿಯನ್ನೇ ಮತ್ತೆ ಮತ್ತೆ ಒರೆಸತೊಡಗಿದ. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅಷ್ಟರಲ್ಲಿ ಅತ್ತೆ ಒದ್ದೆ ಅರಿವೆ ಹಿಡಿದು ಒಳಗಿನಿಂದ ಬಂದರು. ದೇವರ ಜಗಲಿಯ ಬಾಡಿದ ಹೂವು ತೆಗೆದಾದ ಮೇಲೆ ಮಷೀನಿನ ಪಾಳಿ. “ನಿನ್ನಿ ಹೂವಾ, ನಿನ್ನಿ ಕುಂಕುಮಾ ಮೈಮ್ಯಾಲೆ ಇಟಗೊಂಡು ಯಾ ದೇವ್ರು ಕೆಲಸಾ ಮಾಡತೈತಿ?” ಎನ್ನುತ್ತ ಹಾರ ತೆಗೆದು, ಅದರ ಮೈಯೆಲ್ಲ ತಿಕ್ಕಿ ಒರೆಸಿದರು. “ಈಗ ಒತ್ತಲೇ ಶಂಕ್ರ್ಯಾ.”

ಒತ್ತಿದ. ಕೆಂಪು ದೀಪ ಹೋಗಿ ಹಸಿರು ಹತ್ತಿತು. ಮಷೀನು ಕಟಕಟ ಎಂದು ಓಡಿಯೇ ಬಿಟ್ಟಿತು. ದಾವಲಸಾಬರು ಮೊದಲ ಕಾರ್ಡು ಎತ್ತಿ, ಮಗಳ ಹೆಸರನ್ನು ಬೆರಳಿಂದ ಸವರಿ, “ಏನ್ ಚಂದ ಬಂದೈತ್ರೀ!” ಎಂದರು. ಶಂಕ್ರಪ್ಪ ಕಣ್ಣೊರೆಸಿಕೊಂಡ. ನನಗೂ ಹೋದ ಜೀವ ಬಂತು. ಅತ್ತೆಯ ಕಾಲಿಗೆ ಬಿದ್ದುಬಿಡೋಣ ಅನ್ನಿಸಿತು. “ಎಲ್ಲಾ ಅವ್ವನ ಕೈಗುಣರಿ” ಎಂದು ಶಂಕ್ರಪ್ಪ ಊರಿಗೆಲ್ಲ ಹೇಳುತ್ತ ಚಹಾ ತರಿಸಿದ.

ಮಧ್ಯಾಹ್ನ ಮೆಕ್ಯಾನಿಕ್‌ನ ಫೋನು ನನಗೇ ಬಂತು. ಪೂಜೆಯಿಂದ ಹಿಡಿದು ಕೆಂಪು ದೀಪದವರೆಗೆ ನಡೆದದ್ದೆಲ್ಲ ಹೇಳಿದೆ. ಆ ಗಾಜಿನ ಬಿಲ್ಲೆ ಮಷೀನಿನ ಕಣ್ಣಂತೆ. ಕಾಗದ ಬಂತೋ ಇಲ್ಲವೋ ಎಂದು ಅದೇ ನೋಡಬೇಕಂತೆ. ಅದಕ್ಕೆ ಏನೂ ಅಂಟಬಾರದಂತೆ. ನಾನು ಹೂಂ ಹೂಂ ಎಂದು ಫೋನಿಟ್ಟು ತಿರುಗಿದರೆ, ಸಾವಿತ್ರಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಫೋನಿನ ಸ್ಪೀಕರ್ ಆನ್ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು.

“ತಮ್ಮಗ ಹೇಳೂದಿಲ್ಲ ಬಿಡ್ರಿ. ಮುಂದಿನ ಸಲ ಕುಂಕುಮಾ ನಾ ಹಚ್ಚತೀನಿ. ಆದ್ರ ಇನ್ನ ಮ್ಯಾಲೆ ನನ್ನ ತವರುಮನ್ಯಾಗ ಜರ್ಮನಿ ಸುದ್ದಿ ಎತ್ತಬಾರದು ನೋಡ್ರಿ.”

ಇಷ್ಟಕ್ಕೇ ಮುಗಿಯಿತಲ್ಲ ಎಂದು ಕೂಡಲೇ ಒಪ್ಪಿಕೊಂಡೆ. ಕೊಟ್ಟ ಮಾತಿಗೆ ಇಂದಿಗೂ ತಪ್ಪಿಲ್ಲ. ಆ ಮನೆಯಲ್ಲೀಗ ನಾನು ಜಪಾನಿನ ಬಗ್ಗೆ ಮಾತ್ರ ಮಾತಾಡುತ್ತೇನೆ.