ದಟ್, ವಾಟ್ ಮತ್ತು ಡ್ರಿಲ್ ಮೇಷ್ಟ್ರು

ಇಂಗ್ಲಿಷ್ ಮೇಡಂ ಹೆರಿಗೆ ರಜೆ ಹಾಕಿದ್ದೇ ತಡ, ಅವರ ವ್ಯಾಕರಣದ ಪೀರಿಯಡ್ ಡ್ರಿಲ್ ಮೇಷ್ಟ್ರ ಕೊರಳಿಗೆ ಬಿತ್ತು. ಅದೂ ಸಂಜೆಯ ಕೊನೆಯ ಪೀರಿಯಡ್, ಅವರ ಫುಟ್‌ಬಾಲ್ ತಂಡ ಅಭ್ಯಾಸ ಮಾಡುವ ಹೊತ್ತು. ಮುಂದಿನ ವಾರವೇ ಫೈನಲ್. ಇಲ್ಲಿ ನೋಡಿದರೆ ನೌನ್ ಕ್ಲಾಜ್ ಯಾವ ಯಾವ ಪದದಿಂದ ಶುರುವಾಗುತ್ತದೆಂದು ಆ ಆಟಗಾರರಿಗೇ ಪಾಠ ಹೇಳಬೇಕು. ಪಾಪ, ಮೇಷ್ಟ್ರಿಗೆ ಸೀಟಿ ಊದದೆ ಏನನ್ನೂ ಶುರು ಮಾಡಿ ಗೊತ್ತಿರಲಿಲ್ಲ.

"ಇವತ್ತು ಇನ್‌ಸ್ಪೆಕ್ಟರು ಬರ್ತಾರಂತೆ," ಎಂದರು ಡ್ರಾಯಿಂಗ್ ಮೇಡಂ, ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ದನಿ ತಗ್ಗಿಸಿ. "ಅವರೆದುರಿಗೆ ಎಲ್ಲಾ ತಪ್ಪುತಪ್ಪಾಗಿ ಹೇಳ್ಬಿಡಿ. ಪೀರಿಯಡ್ ಕಿತ್ಕೊಂಡು ಗಣಿತದ ಮೇಷ್ಟ್ರಿಗೆ ಕೊಡ್ತಾರೆ. ಇನ್ಯಾರಿದಾರೆ?"

ಗಣಿತದ ಮೇಷ್ಟ್ರು ಮೂಲೆಯಲ್ಲಿ ಮುಖದ ಮೇಲೆ ಪೇಪರ್ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಡ್ರಿಲ್ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಇನ್‌ಸ್ಪೆಕ್ಟರು ಹೆಡ್‌ಮೇಡಂ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಎದೆಯುಬ್ಬಿಸಿ ಶುರು ಮಾಡಿದರು. "ದಟ್, ವಾಟ್, ವೆದರ್ ಇವೆಲ್ಲ ನೌನ್ ಕ್ಲಾಜಿನ ಕೊನೆಗೆ ಬರೋದು!"

ತಂಡದ ಗೋಲ್‌ಕೀಪರ್ ಹುಡುಗಿ ಎದ್ದಳು. "ಮೊದಲಿಗೆ ಸಾರ್! ಐ ನೋ ದಟ್ ಹಿ ಈಸ್ ಲೇಟ್."

ಮೇಷ್ಟ್ರು ಬೆಚ್ಚಿದರು. "ಸರಿ, ಆ ದಟ್ ತೆಗೆದ್ರೆ ವಾಕ್ಯ ಕುಸಿದು ಬೀಳುತ್ತೆ."

"ಬೀಳಲ್ಲ ಸಾರ್. ಐ ನೋ ಹಿ ಈಸ್ ಲೇಟ್!" ಎಂದ ಕಿಟಕಿ ಪಕ್ಕದವನು.

"ಬರ್ತಾನೋ ಇಲ್ವೋ ಅನ್ನೋ ಅನುಮಾನಕ್ಕೂ ದಟ್ಟೇ ಹಾಕ್ಬೇಕು!"

"ವೆದರ್ ಸಾರ್!" ಎಂದು ಇಡೀ ತರಗತಿ ಕೂಗಿತು. ನಿನ್ನೆಯವರೆಗೂ ಈ ಪೀರಿಯಡ್ಡಿನಲ್ಲಿ ಆಕಳಿಸುವುದಕ್ಕಲ್ಲದೆ ಬಾಯಿ ತೆರೆಯದಿದ್ದ ಮಕ್ಕಳು! ಮೇಷ್ಟ್ರು ಕಣ್ಣು ಮಿಟುಕಿಸಿದರು, ಹಲ್ಲು ಕಡಿದರು, ತುಟಿಯ ಮೇಲೆ ಬೆರಳಿಟ್ಟರು. ಒಬ್ಬರಿಗೂ ತಿಳಿಯಲಿಲ್ಲ.

ಇನ್‌ಸ್ಪೆಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಬೇಕಂತ ತಪ್ಪು ಹೇಳಿ ಮಕ್ಕಳ ಬಾಯಿಂದ ಸರಿ ಹೊರಡಿಸೋದು! ಎಂಥಾ ಉಪಾಯ ರೀ! ಹೆಡ್‌ಮೇಡಂ, ಇನ್ನು ಎಲ್ಲಾ ತರಗತಿಗೂ ಇಂಗ್ಲಿಷ್ ಇವರೇ ತಗೊಳ್ಳಲಿ. ಡ್ರಿಲ್ ಏನು, ಮೈದಾನದಲ್ಲಿ ಸುಮ್ನೆ ಕೂರೋ ಕೆಲಸ ತಾನೆ, ಗಣಿತದವರು ಕೂತ್ಕೋತಾರೆ."

ಅವರ ಬೆನ್ನು ಮರೆಯಾಗುತ್ತಲೇ ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಅಳುವೇ ಬಂದುಬಿಟ್ಟಿತ್ತು. "ಯಾರ್ರೋ ನಿಮಗೆ ಇದನ್ನೆಲ್ಲ ಓದೋಕೆ ಹೇಳಿದ್ದು?"

"ಗಣಿತದ ಸಾರು," ಎಂದಳು ಗೋಲ್‌ಕೀಪರ್. "ಬೆಳಿಗ್ಗೆ ಪೇಪರ್ ಹಿಡ್ಕೊಂಡೇ ಸ್ಟಾಫ್ ರೂಮಿಂದ ಓಡಿ ಬಂದು, ಇವತ್ತು ಪಾಠ ಕೆಟ್ರೆ ನಿಮ್ಮ ಕೆಲಸಾನೇ ಹೋಗುತ್ತೆ ಅಂದ್ರು. ಊಟಕ್ಕೂ ಬಿಡದೆ ಕೂರಿಸ್ಕೊಂಡು ಅವರೇ ಹೇಳ್ಕೊಟ್ರು. ಎಷ್ಟು ಚೆನ್ನಾಗಿ ಹೇಳ್ಕೊಡ್ತಾರೆ ಗೊತ್ತಾ! ಇಂಗ್ಲಿಷಿಗೆ ಅವರನ್ನೇ ಹಾಕ್ಸಿ ಸಾರ್."