ಪುರಾತನ ನಟ್ಟಿಗಾನ ಮಂಡಳಿ, ಮಾವಳ್ಳಿ

೧೯೬೨ರ ಜುಲೈ ತಿಂಗಳಲ್ಲಿ, ಹುಟ್ಟಿ ಅರ್ಧ ಗಂಟೆಯೂ ಆಗದ ಹಾಡೊಂದಕ್ಕೆ ಮುನ್ನೂರು ವರ್ಷ ವಯಸ್ಸಾಗಿದೆಯೆಂದು ಮಾವಳ್ಳಿಯ ಗ್ರಾಮಸೇವಕ ಮಾಬ್ಲೇಶ್ವರ ಲಿಖಿತವಾಗಿ ದೃಢೀಕರಿಸಿದ.

ಹಾಡು ಅವನ ಮೇಲೆಯೇ ಇತ್ತು. ಅರ್ಧ ಎಕರೆಯಲ್ಲಿ ಹೊಸ ಪದ್ಧತಿಯ ಭತ್ತದ ನಟ್ಟಿ ಮಾಡಿಸಿ ತೋರಿಸಿದರೆ ನೌಕರಿ ಕಾಯಂ ಎಂದು ಮೇಲಿನವರು ಹೇಳಿದ್ದರು. ಅವನು ಹಗ್ಗ ಹಿಡಿದು ಸಾಲು ನೇರಮಾಡಲು ಹೋಗಿ ಕೆಸರಿನಲ್ಲಿ ಕೂತುಬಿಟ್ಟಾಗ, ಅಗೆ ಸಸಿಯ ಕಟ್ಟು ಹಿಡಿದು ನೆಡುತ್ತಿದ್ದ ಸಣ್ಣಿ, ಲಕ್ಕಿ "ಹಗ್ಗ ಹಿಡ್ದ ಒಡ್ಯ ಬಿದ್ದ" ಎಂದು ಹಾಡು ಎತ್ತಿಕೊಂಡರು. ಸಾಲು ಮುಗಿಯುವ ಮೊದಲೇ ಗಂಗೆ, ಹಮ್ಮ "ಗದ್ದೆಗೆ ಗೊಬ್ರ ಆದ" ಎಂದು ಇನ್ನೊಂದು ದನಿಯಲ್ಲಿ ಸೇರಿಸಿದರು. ತಪಾಸಣೆಗೆ ಬಂದ ಸಾಹೇಬರು ಬದುವಿನ ಮೇಲೆ ಕಣ್ಣುಮುಚ್ಚಿ ನಿಂತು, "ಎಷ್ಟು ಪ್ರಾಚೀನ!" ಎಂದರು. ತನ್ನ ಮೇಲಿನ ಹಾಡು ತನಗಿಂತ ಹಳೆಯದಾದರೆ ಮರ್ಯಾದೆಯಾದರೂ ಉಳಿದೀತು ಎಂದು ಮಾಬ್ಲೇಶ್ವರ ಮುನ್ನೂರು ವರ್ಷವೆಂದು ಬರೆದು ಸಹಿ ಹಾಕಿದ.

ಹೀಗೆ ಮಂಡಳಿ ಸ್ಥಾಪನೆಯಾಯಿತು. ಕುಮಟಾದ ಸಭೆಯಲ್ಲಿ ನಾಲ್ವರನ್ನೂ ಮೈಕಿನ ಮುಂದೆ ನಿಲ್ಲಿಸಿದರೆ ದನಿಯೇ ಹೊರಡಲಿಲ್ಲ.

"ಎಂತ ಆತು ಸಣ್ಣಿ?"

"ಕೈಲಿ ಅಗೆ ಇಲ್ದೆ, ಬಗ್ಗದೆ ಹಾಡೂದು ಹೆಂಗೆ, ಒಡ್ಯಾ?"

ಕೂಡಲೇ ಆದೇಶ ಹೊರಟಿತು: 'ಪ್ರತಿ ವೇದಿಕೆಯಲ್ಲೂ ಮರದ ಮರಿಗೆಯೊಂದರ ತುಂಬ ಕೆಸರು ಇರತಕ್ಕದ್ದು. ಅಗೆಯನ್ನು ಮಾವಳ್ಳಿಯ ಪ್ರಾತ್ಯಕ್ಷಿಕೆ ಗದ್ದೆಯಿಂದ ಪೂರೈಸತಕ್ಕದ್ದು. ಕೆಸರಿನ ಗುಣಮಟ್ಟಕ್ಕೆ ಗ್ರಾಮಸೇವಕರೇ ಹೊಣೆ.' ಹೊನ್ನಾವರದ ಜನ ನಾಲ್ಕು ಬೆನ್ನುಗಳನ್ನು ನೋಡಿ ಚಪ್ಪಾಳೆ ತಟ್ಟಿದರು. ಭಟ್ಕಳದಲ್ಲಿ ಎರಡು ಸಲ ಹಾಡಿಸಿದರು. ಎರಡನೆಯ ಸಲಕ್ಕೆ ನೆಟ್ಟದ್ದನ್ನು ಕಿತ್ತುಕೊಟ್ಟವನು ಮಾಬ್ಲೇಶ್ವರನೇ. "ಒಡ್ಯ ಬಿದ್ದ" ಎಂಬಲ್ಲಿ ಗ್ರಾಮಸೇವಕರು ಬೀಳತಕ್ಕದ್ದೆಂದು ಆಮೇಲೆ ತಿದ್ದುಪಡಿ ಬಂತು. ಬಿದ್ದ. ತೃಪ್ತಿಕರವಾಗಿ ಬಿದ್ದನೆಂದು ಕಡತದಲ್ಲಿದೆ.

ಇತ್ತ ಗದ್ದೆಯ ನಟ್ಟಿ ಅರ್ಧಕ್ಕೇ ನಿಂತು ಹುಲ್ಲು ಬೆಳೆಯಿತು. ಕಾಯಂ ಮಾಡುವುದು ಮುಂದಿನ ನಟ್ಟಿ ನೋಡಿ ಎಂದು ಪತ್ರ ಬಂತು. ಓದಿ ಅವನಿಗೆ ಅಳು ಬಂತು. ತಾನೇ ಬರೆದುಕೊಟ್ಟ ಮುನ್ನೂರು ವರ್ಷ ನೆನಪಾಗಿ ನಗುವೂ ಬಂತು.

ಮರುವರ್ಷ ಗದ್ದೆ ಹದವಾಯಿತು, ಅಗೆಯೂ ಬೆಳೆಯಿತು. ನಾಲ್ವರೂ ಬಂದು ಬಗ್ಗಿದರು. ಯಾರ ಕೈಯೂ ಆಡಲಿಲ್ಲ.

"ಮತ್ತೆಂತ ಆತು?"

ಸಣ್ಣಿ ನಾಚಿಕೊಂಡಳು. "ಮೈಕಿಲ್ದೆ, ಜನ ಇಲ್ದೆ ನೆಡೂದು ಹೆಂಗೆ, ಒಡ್ಯಾ?"

ಮಾತು ನ್ಯಾಯವಾಗಿಯೇ ಇತ್ತು. ಅರ್ಧ ಎಕರೆಗೆ ಒಂದು ಮೈಕು, ಇನ್ನೂರು ಕುರ್ಚಿ ಬೇಕೆಂದು ಮಾಬ್ಲೇಶ್ವರ ಅರ್ಜಿ ಬರೆದ. ಮಂಜೂರಾಯಿತು. ಕುರ್ಚಿ ಹಾಕಲು ಗದ್ದೆ ಬಿಟ್ಟರೆ ಬೇರೆ ಜಾಗವಿಲ್ಲದ್ದರಿಂದ ನಟ್ಟಿಯನ್ನು ಎಂದಿನಂತೆ ಮರಿಗೆಯಲ್ಲೇ ಮಾಡಲಾಯಿತು. ಸಾಹೇಬರು ಸಂತೋಷಗೊಂಡು ಅಲ್ಲೇ ಅವನನ್ನು ಕಾಯಂ ಮಾಡಿದರು. ಕೈಮುಗಿದು ನಿಂತಿದ್ದ ಅವನು, ಹಾಡಿನಲ್ಲಿ ಆ ಸಾಲು ಬಂದ ಕೂಡಲೇ ಬಿದ್ದ.